ಕೆಂಪು ನೀರು ಬಂದ ಮೇಲೆಯೇ ಪುಲಸ

ಹೈದರಾಬಾದಿನಲ್ಲಿ ಮೀನಿಗೂ ಪಂಚಾಂಗ ಉಂಟು. ಜೂನ್ ಮೊದಲ ವಾರ ಕಳೆದು ಮೃಗಶಿರ ಕಾರ್ತೆ ಕೂಡಿತೆಂದರೆ ನಾಂಪಲ್ಲಿ ಎಕ್ಸಿಬಿಷನ್ ಮೈದಾನದಲ್ಲಿ ಮೀನಿನ ಪ್ರಸಾದಕ್ಕೆ ಜನ ಸಾಲುಗಟ್ಟುತ್ತಾರೆ. ಅಂದು ಮನೆಮನೆಯಲ್ಲೂ ಮೀನು ಬೇಯಬೇಕೆಂಬುದು ಇಲ್ಲಿಯ ರೂಢಿ. ಆ ದಿನದ ಮೀನು ಕೊರಮೀನು, ನಮ್ಮ ಕಡೆಯ ಕೊರವ. ಅದು ಕೆರೆ ಕುಂಟೆಯದು, ಮಾರುವವರ ತೊಟ್ಟಿಯಲ್ಲಿ ಜೀವಂತ ಹೊರಳಾಡುತ್ತಿರುತ್ತದೆ. ತಿಂಗಳು ಕಳೆದು ಗೋದಾವರಿಗೆ ನೆರೆ ಬಂತೆಂಬ ಸುದ್ದಿ ಪೇಪರಿನಲ್ಲಿ ಕಂಡಾಗ ಇನ್ನೊಂದು ಮೀನಿನ ಮಾತು ಶುರುವಾಗುತ್ತದೆ. ಅದು ಪುಲಸ. ತಾಳಿ ಮಾರಿಯಾದರೂ ಪುಲಸ ತಿನ್ನಬೇಕು ಎಂದು ಗೋದಾವರಿ ಜಿಲ್ಲೆಗಳವರು ಹೇಳುವುದನ್ನು ಈ ಊರಿನಲ್ಲಿ ಕೇಳದವರಿಲ್ಲ.

ಕಾಚಿಗೂಡದ ಕನ್ನಡಿಗರಲ್ಲಿ ಬೀದರ, ಕಲಬುರಗಿ, ರಾಯಚೂರು ಕಡೆಯಿಂದ ಬಂದವರು ಬಹಳ. ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗ ಶಾಲೆಗಳ ಸುತ್ತ ಬೆಳೆದ ಈ ಮಂದಿಯಲ್ಲಿ ಮೀನು ತಿನ್ನುವವರಿಗೆ ರೋಹು, ಕಾಟ್ಲಾ, ಕೊರವ ಗೊತ್ತು. ಕಡಲ ಮೀನಿನ ಬಳಕೆ ಕಡಿಮೆ. ರಾಮನಗರದ ಮಾರ್ಕೆಟ್ಟಿಗೋ ಬೇಗಂ ಬಜಾರಿಗೋ ಹೋದಾಗ ಪುಲಸದ ರೇಟು ಕೇಳಿ, "ಇಷ್ಟು ರೊಕ್ಕ ಕೊಟ್ಟು ಈ ಮುಳ್ಳಿನ ಮೀನು ಯಾಕ್ರೀ?" ಎನ್ನುವುದು ಸಹಜ. ಆ ರೇಟು ಎಲ್ಲಿಂದ ಬಂತು, ಅದನ್ನು ಕೊಡುವಾಗ ಏನು ನೋಡಬೇಕು ಎಂಬುದು ತಿಳಿಯಬೇಕಾದರೆ ಮೀನಿನ ಪಯಣದಿಂದಲೇ ಶುರು ಮಾಡಬೇಕು.

ಕಡಲ ಮೀನು ನದಿಗೆ ಏಕೆ ಬರುತ್ತದೆ

ಪುಲಸ ಬೇರೆ ಜಾತಿಯೇನಲ್ಲ. ಬಂಗಾಳಿಗಳು ಇಲಿಶ್ ಎನ್ನುವ ಹಿಲ್ಸಾ ಮೀನೇ ಅದು. ಕಡಲಲ್ಲಿ ಹಿಡಿದದ್ದನ್ನು ಆಂಧ್ರದ ಬೆಸ್ತರು ವಿಲಸ ಎನ್ನುತ್ತಾರೆ, ಗೋದಾವರಿಯ ಸಿಹಿನೀರಿಗೆ ಏರಿ ಬಂದದ್ದು ಪುಲಸ. ಪರ್ಷಿಯನ್ ಕೊಲ್ಲಿಯಿಂದ ಮ್ಯಾನ್ಮಾರದವರೆಗಿನ ಕಡಲಂಚಿನಲ್ಲಿ ಈ ಮೀನು ಇದೆ; ಸಿಂಧು, ನರ್ಮದೆ, ಗಂಗೆ, ಪದ್ಮಾ, ಇರವಾಡಿ ನದಿಗಳನ್ನೂ ಏರುತ್ತದೆ.

ಬೆಳೆಯುವುದು ಕಡಲಲ್ಲಿ, ಮೊಟ್ಟೆಯಿಡುವುದು ಸಿಹಿನೀರಿನಲ್ಲಿ. ಒಂದು ಹೆಣ್ಣು ಮೀನು ತನ್ನ ಗಾತ್ರಕ್ಕೆ ತಕ್ಕಂತೆ ಲಕ್ಷದಿಂದ ಹಿಡಿದು 20 ಲಕ್ಷದ ತನಕ ಮೊಟ್ಟೆಯಿಡಬಲ್ಲದು. ಮುಂಗಾರಿನ ನೆರೆ ಗೋದಾವರಿಯ ಮಣ್ಣನ್ನು ಕದಡಿಕೊಂಡು ಕಡಲಿಗೆ ನುಗ್ಗುತ್ತದೆ. ಇದನ್ನೇ ಅಲ್ಲಿಯವರು ಕೆಂಪು ನೀರು ಎನ್ನುವುದು. ನದಿ ಬಾಯಲ್ಲಿ ಉಪ್ಪು ತಗ್ಗಿ ಹರಿವು ಜೋರಾದಾಗ ಮೀನಿಗೆ ಅದೇ ಕರೆ. ಹರಿವಿಗೆ ಎದುರಾಗಿ ಈಜತೊಡಗುತ್ತದೆ. ಹೀಗಾಗಿ ಪುಲಸದ ಕಾಲ ಜುಲೈಯಿಂದ ಸೆಪ್ಟೆಂಬರ್‌ವರೆಗೆ. ನೆರೆ ತಡವಾದರೆ ಮೀನೂ ತಡ.

ಆ ನೆರೆಗೆ ನಮ್ಮ ಸೀಮೆಯ ಪಾಲೂ ಇದೆ. ಬೀದರ ಜಿಲ್ಲೆಯನ್ನು ಹಾದು ಬರುವ ಮಾಂಜ್ರಾ ನಿಜಾಮಾಬಾದ್ ಜಿಲ್ಲೆಯ ಕಂದಕುರ್ತಿಯಲ್ಲಿ ಗೋದಾವರಿ ಸೇರುತ್ತದೆ. ಕಾಚಿಗೂಡದ ಪಕ್ಕದಲ್ಲೇ ಹರಿಯುವ ಮೂಸಿಯ ನೀರು ಮಾತ್ರ ಕೃಷ್ಣೆಗೆ.

ಉಪ್ಪುನೀರು ಬಿಟ್ಟು ಸಿಹಿನೀರಿಗೆ

ಕಡಲ ಮೀನನ್ನು ತಂದು ಕೆರೆಗೆ ಬಿಟ್ಟರೆ ಸಾಮಾನ್ಯವಾಗಿ ಸಾಯುತ್ತದೆ. ತಾನಾಗಿ ನದಿ ಏರುವ ಹಿಲ್ಸಾ ಸಾಯುವುದಿಲ್ಲ. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ, ಮೀನಿನ ರಕ್ತದಲ್ಲಿ ಅದರ ಮೂರನೇ ಒಂದು ಪಾಲಿನಷ್ಟು. ಹೊರಗೆ ಉಪ್ಪು ಹೆಚ್ಚಾದ್ದರಿಂದ ಮೈಯೊಳಗಿನ ನೀರು ಹೊರಕ್ಕೆ ಸೋರುತ್ತಲೇ ಇರುತ್ತದೆ. ಮೀನು ಕಡಲ ನೀರನ್ನೇ ಕುಡಿದು ಆ ಕೊರತೆ ತುಂಬಿಸಿಕೊಳ್ಳುತ್ತದೆ. ಜೊತೆಗೆ ಬಂದ ಉಪ್ಪನ್ನು ಕಿವಿರಿನ ಜೀವಕೋಶಗಳು ಹೊರಹಾಕುತ್ತವೆ.

ನದಿಗೆ ಬಂದಾಗ ಎಲ್ಲ ತಿರುವುಮುರುವು. ಈಗ ನೀರು ಒಳಕ್ಕೆ ನುಗ್ಗುತ್ತದೆ, ಉಪ್ಪು ಹೊರಕ್ಕೆ ಹೋಗುತ್ತದೆ. ಮೀನು ನೀರು ಕುಡಿಯುವುದನ್ನು ಬಹುಪಾಲು ನಿಲ್ಲಿಸುತ್ತದೆ, ಮೂತ್ರಪಿಂಡ ತೆಳುವಾದ ಮೂತ್ರವನ್ನು ಧಾರಾಳವಾಗಿ ಹೊರಗೆ ಬಿಡುತ್ತದೆ, ಕಿವಿರು ನೀರಿನಲ್ಲಿರುವ ಅಷ್ಟಿಷ್ಟು ಉಪ್ಪನ್ನೇ ಹೆಕ್ಕಿ ಒಳಗೆ ಸೇರಿಸುತ್ತದೆ. ಈ ಬದಲಾವಣೆಗೆ ಹೊತ್ತು ಬೇಕು. ಉಪ್ಪು ಸಿಹಿ ಬೆರೆತ ಅಳಿವೆಯ ನೀರು ಆ ಹೊತ್ತನ್ನು ಒದಗಿಸುತ್ತದೆ.

ಮೇಲೇರುವ ದಿನಗಳಲ್ಲಿ ಮೀನು ಹೆಚ್ಚು ತಿನ್ನುವುದಿಲ್ಲ. ಕಡಲಲ್ಲಿ ಕೂಡಿಟ್ಟ ಕೊಬ್ಬೇ ಬುತ್ತಿ. ಹಿಲ್ಸಾದ ರುಚಿಯೆಲ್ಲ ಆ ಕೊಬ್ಬಿನಲ್ಲಿದೆ. ಮೊಟ್ಟೆಯಿಟ್ಟು ಹಿಂದಿರುಗುವ ಮೀನು ಸೊರಗಿರುತ್ತದೆ. ಒಂದೇ ನದಿಯ ಮೀನಾದರೂ ಏರುವಾಗ ಸಿಕ್ಕದ್ದಕ್ಕೂ ಇಳಿಯುವಾಗ ಸಿಕ್ಕದ್ದಕ್ಕೂ ರುಚಿಯಲ್ಲಿ ಅಂತರ ಬರುವುದು ಇದರಿಂದ.

ಅಮೆರಿಕದ ಕೊಹೊ, ನಮ್ಮ ಪುಲಸ

ಸಿಯಾಟಲ್, ಪೋರ್ಟ್‌ಲ್ಯಾಂಡ್ ಕಡೆ ಮಕ್ಕಳಿರುವವರಿಗೆ ಕೊಹೊ ಸಾಲ್ಮನ್ ಹೆಸರು ಹೊಸದಲ್ಲ. ಅದೂ ಎರಡು ನೀರಿನ ಮೀನು. ಹೊಳೆಯಲ್ಲಿ ಹುಟ್ಟಿ, ಸುಮಾರು ಒಂದು ವರ್ಷ ಅಲ್ಲೇ ಇದ್ದು ಪೆಸಿಫಿಕ್ ಸಾಗರಕ್ಕೆ ಇಳಿಯುತ್ತದೆ. ಒಂದೂವರೆ ವರ್ಷ ಕಡಲಲ್ಲಿ ಮೇದು, ಸಾಮಾನ್ಯವಾಗಿ ಮೂರನೆಯ ವಯಸ್ಸಿಗೆ ಹುಟ್ಟಿದ ಹೊಳೆಗೇ ಮರಳುತ್ತದೆ. ಹೊಳೆಯ ಗುರುತು ಅದಕ್ಕೆ ಸಿಗುವುದು ವಾಸನೆಯಿಂದ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಆರ್ಥರ್ ಹ್ಯಾಸ್ಲರ್ ಮತ್ತು ಜೊತೆಗಾರರು 1970ರ ದಶಕದಲ್ಲಿ ಕೊಹೊ ಮರಿಗಳನ್ನು ಮಾರ್ಫೊಲಿನ್ ಎಂಬ ರಾಸಾಯನಿಕ ಬೆರೆಸಿದ ನೀರಿನಲ್ಲಿ ಇಟ್ಟು ಮಿಶಿಗನ್ ಸರೋವರಕ್ಕೆ ಬಿಟ್ಟರು. ದೊಡ್ಡವಾದ ಮೇಲೆ ಅವು ಅದೇ ವಾಸನೆ ಬೆರೆಸಿದ ಹೊಳೆಯನ್ನು ಹುಡುಕಿಕೊಂಡು ಬಂದವು.

ಚಿಕ್ಕ ಹೊಳೆಗಳಲ್ಲಿ ಕೊಹೊ ಕೂಡ ಮಳೆಗೆ ಕಾಯುತ್ತದೆ. ಶರತ್ಕಾಲದ ಮಳೆ ಬಿದ್ದು ನೀರು ಏರುವವರೆಗೆ ಕೊಲ್ಲಿಯಲ್ಲೇ ಸುಳಿದಾಡುತ್ತಿದ್ದು, ಹೊಳೆ ಉಬ್ಬಿದಾಗ ಒಮ್ಮೆಗೇ ಮೇಲೇರುತ್ತದೆ. ಕೊಲ್ಲಿಯಲ್ಲಿ ಇನ್ನೂ ಹಸಿದಿರುತ್ತದೆ. ದೋಣಿಯ ಹಿಂದೆ ಹೆರಿಂಗ್ ಮೀನನ್ನೋ ಮಿನುಗುವ ಲೋಹದ ತಗಡನ್ನೋ ಎಳೆದುಕೊಂಡು ಹೋದರೆ ಕಚ್ಚುತ್ತದೆ. ಹೊಳೆ ಹೊಕ್ಕ ಮೇಲೆ ಹಸಿವು ಸತ್ತಿರುತ್ತದೆ. ಬಿದ್ದ ಮರದ ನೆರಳಿನ ನಿಂತ ನೀರಿನಲ್ಲಿ ಗಿರಗಿರ ತಿರುಗುವ ಸ್ಪಿನ್ನರ್ ಎಂಬ ಗಾಳದ ತಗಡನ್ನು ಮೂತಿಯ ಮುಂದೆಯೇ ಎಳೆದರೆ ಸಿಟ್ಟಿಗೋ ಹಳೆಯ ಚಾಳಿಗೋ ಬಾಯಿ ಹಾಕುತ್ತದೆ. ವಾಷಿಂಗ್ಟನ್ ರಾಜ್ಯದಲ್ಲಿ ಸಾಲ್ಮನ್ ಹಿಡಿಯಲು ಲೈಸೆನ್ಸ್ ಬೇಕು, ಹಿಡಿದದ್ದನ್ನು ಕಾರ್ಡಿನಲ್ಲಿ ಬರೆದಿಡಬೇಕು. ಮರಿ ಉತ್ಪಾದನಾ ಕೇಂದ್ರದಿಂದ ಬಿಟ್ಟ ಮೀನಿನ ಬಾಲದ ಮುಂದಿರುವ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಮರಿಯಲ್ಲೇ ಕತ್ತರಿಸಿರುತ್ತಾರೆ. ಆ ರೆಕ್ಕೆ ಇದ್ದರೆ ಕಾಡುಮೀನು, ಅನೇಕ ಕಡೆ ಅದನ್ನು ಮರಳಿ ಬಿಡಲೇಬೇಕು.

ಎರಡೂ ಮೀನುಗಳ ನಡುವೆ ದೊಡ್ಡ ವ್ಯತ್ಯಾಸಗಳು ಎರಡು. ಕೊಹೊ ಹೊಳೆಯಲ್ಲಿ ಮುಂದೆ ಹೋದಂತೆ ಮೈ ಕೆಂಪಾಗಿ, ಗಂಡಿನ ದವಡೆ ಕೊಕ್ಕೆಯಂತೆ ಬಾಗಿ, ಮಾಂಸ ಸಪ್ಪೆಯಾಗುತ್ತದೆ. ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಅಲ್ಲಿಯವರು ಕೊಲ್ಲಿಯ ಬೆಳ್ಳಿ ಬಣ್ಣದ ಮೀನನ್ನೇ ಬಯಸುತ್ತಾರೆ, ಗೋದಾವರಿಯವರು ನದಿ ಏರಿದ ಮೀನನ್ನು. ಹಿಲ್ಸಾ ಮೊಟ್ಟೆಯಿಟ್ಟು ಕಡಲಿಗೆ ಹಿಂದಿರುಗುತ್ತದೆ, ಬದುಕುಳಿದರೆ ಮತ್ತೆ ಬರುತ್ತದೆ.

ಹಿಡಿಯುವ ಬಗೆ

ಪುಲಸ ಗಾಳಕ್ಕೆ ಬೀಳುವುದು ಅಪರೂಪ. ಅದರ ಆಹಾರ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು. ಕಿವಿರಿನ ಒಳಗಿನ ಸಣ್ಣ ಹಲ್ಲುಗಳಂಥ ಎಳೆಗಳಲ್ಲಿ ನೀರನ್ನು ಸೋಸಿ ತಿನ್ನುವ ಮೀನಿಗೆ ಎರೆಹುಳು ಕಟ್ಟಿ ಕೂತರೆ ಏನು ಬಂತು? ಆದ್ದರಿಂದ ಗಿಲ್‌ನೆಟ್ ಎಂಬ ಬಲೆಯೇ ಗತಿ. ತೆಳು ನೈಲಾನ್ ಬಲೆಯ ಮೇಲಂಚಿಗೆ ತೇಲುಬೆಂಡು, ಕೆಳಗೆ ಭಾರದ ಗುಂಡು. ಹರಿವಿಗೆ ಅಡ್ಡವಾಗಿ ಬಿಟ್ಟರೆ ನೀರಿನಲ್ಲಿ ಪರದೆಯ ಹಾಗೆ ನಿಲ್ಲುತ್ತದೆ, ದೋಣಿಯೂ ಬಲೆಯೂ ಒಟ್ಟಿಗೆ ತೇಲುತ್ತವೆ. ಕೆಂಪು ನೀರಿನಲ್ಲಿ ಮೀನಿಗೆ ಬಲೆ ಕಾಣದು. ತಲೆ ಬಲೆಯ ಕಣ್ಣಿನೊಳಗೆ ತೂರುತ್ತದೆ, ಮೈ ದಪ್ಪವಾದ್ದರಿಂದ ಮುಂದೆ ಹೋಗಲಾಗದು, ಹಿಂದೆ ಸರಿದರೆ ಕಿವಿರಿಗೆ ದಾರ ಸಿಕ್ಕುತ್ತದೆ. ಬಲೆಯ ಕಣ್ಣು ದೊಡ್ಡದಿದ್ದರೆ ಮರಿ ಪಾರಾಗುತ್ತದೆ, ಸಣ್ಣದಾದರೆ ಅದೂ ಸಿಕ್ಕಿ ಸಾಯುತ್ತದೆ.

ಹಿಲ್ಸಾ ನೀರಿನಿಂದ ಮೇಲೆತ್ತಿದರೆ ಹೆಚ್ಚು ಹೊತ್ತು ಬದುಕದು. ಕೊರಮೀನಿನಂತೆ ತೊಟ್ಟಿಯಲ್ಲಿ ಬಿಟ್ಟು ಮಾರುವ ಮಾತೇ ಇಲ್ಲ. ಹಿಡಿದದ್ದನ್ನು ಮಂಜುಗಡ್ಡೆಯ ಜೊತೆ ಥರ್ಮಾಕೋಲ್ ಪೆಟ್ಟಿಗೆಯಲ್ಲಿಟ್ಟು ರಾತ್ರೋರಾತ್ರಿ ಸಾಗಿಸಬೇಕು.

ಮುಚ್ಚಿದ ದಾರಿ

ಗೋದಾವರಿ ಧವಳೇಶ್ವರದ ಹತ್ತಿರ ಗೌತಮಿ, ವಸಿಷ್ಠ ಎಂದು ಕವಲೊಡೆಯುತ್ತದೆ. ಗೌತಮಿ ಯಾನಾಂ ಬದಿಯಿಂದ, ವಸಿಷ್ಠ ಅಂತರ್ವೇದಿಯಲ್ಲಿ ಕಡಲು ಸೇರುತ್ತವೆ. ಈ ಕವಲುಗಳಲ್ಲೇ ಪುಲಸದ ಬೇಟೆ. ಧವಳೇಶ್ವರದಲ್ಲಿ ಸರ್ ಆರ್ಥರ್ ಕಾಟನ್ 1852ರಲ್ಲಿ ಮುಗಿಸಿದ ಅಣೆಕಟ್ಟೆ ಡೆಲ್ಟಾಕ್ಕೆ ಭತ್ತ ಕೊಟ್ಟಿತು, ಮೀನಿಗೆ ದಾರಿ ಕಟ್ಟಿತು. ಅದರ ಜಾಗದಲ್ಲಿ ಈಗಿರುವ ಬ್ಯಾರೇಜಿನ ಕೆಳಗೇ ಬಹುಪಾಲು ಮೀನು ನಿಲ್ಲುತ್ತದೆ.

ಬೇರೆ ನದಿಗಳ ಕತೆಯೂ ಇದೇ. 1934ರಲ್ಲಿ ಮೆಟ್ಟೂರು ಅಣೆಕಟ್ಟೆ ಆದ ಮೇಲೆ ಕಾವೇರಿಯ ಕೆಳಪಾತ್ರದ ಹಿಲ್ಸಾ ಕುಸಿಯಿತು. ಅಲಹಾಬಾದ್, ಆಗ್ರಾದವರೆಗೆ ಏರುತ್ತಿದ್ದ ಗಂಗೆಯ ಹಿಲ್ಸಾಗೆ 1975ರ ಫರಕ್ಕಾ ಬ್ಯಾರೇಜ್ ಅಡ್ಡವಾಯಿತು. ಹಿಲ್ಸಾವನ್ನು ರಾಷ್ಟ್ರಮೀನು ಮಾಡಿಕೊಂಡ ಬಾಂಗ್ಲಾದೇಶ ಅಕ್ಟೋಬರ್ ಸುಮಾರಿಗೆ 22 ದಿನ ಅದನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಲ್ಲಿಸುತ್ತದೆ. ನಮ್ಮ ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಕಡಲ ಮೀನುಗಾರಿಕೆಗೆ ನಿಷೇಧವಿದೆ. ಆದರೆ ಪುಲಸ ನದಿಗೆ ಏರುವುದು ಅದಾದ ಮೇಲೆ. ಮೊಟ್ಟೆ ತುಂಬಿದ ಮೀನು ಬರುವ ಹೊತ್ತಿಗೇ ಬಲೆಗಳೂ ನೀರಿಗೆ ಇಳಿದಿರುತ್ತವೆ.

ಮೀನು ಕಡಿಮೆಯಾದಷ್ಟೂ ಬೆಲೆ ಏರಿತು. ಯಾನಾಂ ಹರಾಜಿನಲ್ಲಿ ಒಂದೇ ಮೀನು 20,000 ರೂಪಾಯಿ ದಾಟಿದ ಸುದ್ದಿ ಈಚಿನ ವರ್ಷಗಳಲ್ಲಿ ಬಂದಿದೆ.

ಹೈದರಾಬಾದಿನಲ್ಲಿ ಕೊಳ್ಳುವಾಗ

ಬೆಲೆ ಇಷ್ಟಿರುವಲ್ಲಿ ನಕಲಿಗೆ ಬರವೇ? ಒಡಿಶಾ, ಬಂಗಾಳ, ಗುಜರಾತಿನ ಹಿಲ್ಸಾ ಕೂಡ ಪುಲಸದ ಹೆಸರಿನಲ್ಲಿ ಮಾರಾಟವಾಗುತ್ತದೆ. ಜಾತಿ ಒಂದೇ ಆದ್ದರಿಂದ ನೋಡಿ ಗುರುತಿಸುವುದು ಕಷ್ಟ. ನದಿ ಏರಿದ ಮೀನಿನ ಹೊಟ್ಟೆ ಅಗಲ, ಹುರುಪೆಯಲ್ಲಿ ಬಂಗಾರದ ಛಾಯೆ, ಕಡಲಿನದು ಬರಿ ಬೆಳ್ಳಿ ಎಂದು ಬಲ್ಲವರು ಹೇಳುತ್ತಾರೆ. ಆದರೆ ಐಸಿನಲ್ಲಿ ಎರಡು ದಿನ ಕಳೆದ ಮೀನಿನಲ್ಲಿ ಬಣ್ಣ ನಂಬುವಂತಿಲ್ಲ.

ತಾಜಾತನವನ್ನಾದರೂ ನಾವೇ ನೋಡಬಹುದು. ಮಾರುವಾಕೆಗೆ, "ಅಕ್ಕಾ, ಕಿವಿರು ಎತ್ತಿ ತೋರಿಸು" ಎನ್ನಿ. ಹೆಬ್ಬೆರಳಿನಿಂದ ಮುಚ್ಚಳ ಸರಿಸಿದಾಗ ಒಳಗೆ ಕೆಂಪಗೆ ತೇವವಾಗಿದ್ದರೆ ಸರಿ. ಕಂದು ಬಣ್ಣಕ್ಕೆ ತಿರುಗಿ ಲೋಳೆ ಎಳೆದರೆ ಬೇಡ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬೆನ್ನನ್ನು ಬೆರಳಿನಿಂದ ಒತ್ತಿದರೆ ಕುಳಿ ಮುಚ್ಚಿಕೊಳ್ಳಬೇಕು. ಕೊಬ್ಬಿನ ಮೀನು ಬೇಗ ಕಮಟುತ್ತದೆ, ಹೊಟ್ಟೆಯ ಬಳಿ ಮೂಸಿ ನೋಡಲು ಸಂಕೋಚ ಬೇಡ.

ಅಂದಹಾಗೆ, ಅಂಗಡಿಗಳಲ್ಲಿ 'ಇಂಡಿಯನ್ ಸಾಲ್ಮನ್' ಎಂಬ ಚೀಟಿ ಕಂಡರೆ ಅದು ಸಾಲ್ಮನ್ ಅಲ್ಲ, ಕರಾವಳಿಯವರ ರಾವಸ್. ಒಳ್ಳೆಯ ಮೀನೇ, ಆದರೆ ಸಾಲ್ಮನ್ ಬೆಲೆ ಕೊಡಬೇಕಿಲ್ಲ.

ಒಲೆಯ ಮೇಲೆ

ಪುಲಸಕ್ಕೆ ಪುಲುಸು, ಅಂದರೆ ಹುಣಸೆಹುಳಿಯ ಸಾರೇ ಸೈ. ಮಣ್ಣಿನ ಮಡಕೆಯಲ್ಲಿ ಈರುಳ್ಳಿ, ಹಸಿಮೆಣಸು, ಖಾರದ ಪುಡಿ, ಹುಣಸೆ ರಸ ಕುದಿಸಿ, ಹೋಳುಗಳನ್ನು ಒಂದೇ ಪದರವಾಗಿ ಇಳಿಬಿಡುತ್ತಾರೆ. ಇಡೀ ಬೆಂಡೆಕಾಯಿ ಹಾಕುವುದು ಕಡ್ಡಾಯ. ಆಮೇಲೆ ಸೌಟು ಮುಟ್ಟಿಸಬಾರದು; ಬಟ್ಟೆ ಹಿಡಿದು ಮಡಕೆಯನ್ನೇ ಎರಡೂ ಕೈಯಿಂದ ಮೆಲ್ಲಗೆ ತಿರುಗಿಸಬೇಕು, ಇಲ್ಲವಾದರೆ ಹೋಳು ಮುರಿದು ಮುಳ್ಳೆಲ್ಲ ಸಾರಿಗೆ. ಸಣ್ಣ ಉರಿಯಲ್ಲಿ ಬಹಳ ಹೊತ್ತು ಬೆಂದಾಗ ಹುಳಿಗೆ ಕೂದಲೆಳೆಯ ಮುಳ್ಳುಗಳು ಮೆತ್ತಗಾಗುತ್ತವೆ, ದೊಡ್ಡವು ಹಾಗೇ ಉಳಿಯುತ್ತವೆ. ಕೊನೆಗೆ ಒಂದಿಷ್ಟು ಬೆಣ್ಣೆಯೋ ಆವಕಾಯಿಯ ಮೇಲಿನ ಎಣ್ಣೆಯೋ ಹಾಕುವವರುಂಟು. ಉಣ್ಣುವುದು ಮರುದಿನ. ಮಕ್ಕಳಿಗೆ ಬಡಿಸುವಾಗ ಮುಳ್ಳು ಬಿಡಿಸಿಯೇ ಕೊಡಿ, ಅವಸರ ಬೇಡ.

ಕೊಳ್ಳುವ ಮೊದಲು ಎರಡು ಪ್ರಶ್ನೆ ಸಾಕು: ಗೋದಾವರಿಗೆ ನೆರೆ ಬಂದಿದೆಯೇ? ಈ ಮೀನು ಯಾವ ಊರಿನ ಬಲೆಯದು? ಮೊದಲನೆಯದಕ್ಕೆ ಪೇಪರು ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಮಾರುವವರು ತಡಬಡಾಯಿಸದೆ ಹೇಳಬೇಕು. ಮೇ ತಿಂಗಳಲ್ಲೋ ಡಿಸೆಂಬರಿನಲ್ಲೋ ಪುಲಸ ಎಂದರೆ ಅದನ್ನು ಹಿಲ್ಸಾದ ಬೆಲೆಗೆ ಕೇಳಿ, ಕೊಡದಿದ್ದರೆ ಬಿಟ್ಟು ಬನ್ನಿ. ಅಂಗೈ ಉದ್ದದ ಮರಿ ಹಿಲ್ಸಾ ಅಗ್ಗಕ್ಕೆ ಸಿಕ್ಕರೂ ಕೊಳ್ಳಬೇಡಿ. ನದಿ ಏರಿ ಬರಬೇಕಾದ ಮುಂದಿನ ವರ್ಷಗಳ ಪುಲಸ ಅದೇ.