ಪ್ರವೇಗದಲ್ಲಿ ಜಾಗ ಕೇಳುವುದು ಹೇಗೆ?

ಕನಕಪುರ ತಾಲ್ಲೂಕಿನ ಕೋಡಿಹಳ್ಳಿ ಹೋಬಳಿ ಗುಡ್ಡ, ಕಾಡು, ಕಾವೇರಿ ಕಣಿವೆಗಳ ಸೀಮೆ. ಒಂದೂರಿಗೆ ಸುರಿದ ಮಳೆ ಪಕ್ಕದೂರಿಗೆ ಇಣುಕಿ ನೋಡದೆ ಹೋಗುವುದು ಇಲ್ಲಿ ಹೊಸದೇನಲ್ಲ. ಬಿದ್ದ ಮಳೆಯ ಲೆಕ್ಕವಂತೂ ಸಿಗುತ್ತದೆ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನೂ ಇಟ್ಟಿದೆ. ಬೀಳಲಿರುವ ಮಳೆಯ ಲೆಕ್ಕಕ್ಕೆ ಮಾತ್ರ ಭಾರಿ ಕಂಪ್ಯೂಟರ್ ಬೇಕು.

ಈ ಸೀಮೆಯ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಪಿಎಚ್.ಡಿ.ಗೆ ಸೇರಿ, ತನ್ನೂರಿನ ಗುಡುಗುಮಳೆಯನ್ನೇ ವಿಷಯವಾಗಿ ಆರಿಸಿಕೊಂಡಳು ಎಂದಿಟ್ಟುಕೊಳ್ಳೋಣ. ಹವಾಮಾನದ ಮಾದರಿಗಳು ನೆಲವನ್ನು ಚೌಕಗಳಾಗಿ ಹೋಳು ಮಾಡಿ, ಒಂದೊಂದು ಚೌಕಕ್ಕೂ ಗಾಳಿ, ತೇವ, ಉಷ್ಣತೆಗಳ ಲೆಕ್ಕ ಹಾಕುತ್ತವೆ. 12 ಕಿ.ಮೀ. ಅಗಲದ ಚೌಕವಾದರೆ ಗುಡ್ಡವೂ ಕಣಿವೆಯೂ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತವೆ. ಅದನ್ನು 6 ಕಿ.ಮೀ.ಗೆ ಇಳಿಸಿದರೆ ಚೌಕಗಳು 4 ಪಟ್ಟು ಹೆಚ್ಚುತ್ತವೆ. ಲೆಕ್ಕ ಮುಂದೆ ಸಾಗುವ ಕಾಲದ ಹೆಜ್ಜೆಯನ್ನೂ ಅರ್ಧಕ್ಕಿಳಿಸಬೇಕಾದ್ದರಿಂದ ಒಟ್ಟು ಕೆಲಸ ಸುಮಾರು 8 ಪಟ್ಟಾಗುತ್ತದೆ. 3 ಕಿ.ಮೀ.ಗೆ ಇಳಿದರೆ 64 ಪಟ್ಟು. ವಿಭಾಗದ ಕಂಪ್ಯೂಟರ್ ಅಷ್ಟರಲ್ಲಿ ಕೈಚೆಲ್ಲಿರುತ್ತದೆ. 2025ರ ಮೇ ತಿಂಗಳಲ್ಲಿ ಬಳಕೆಗೆ ಬಂದ 6 ಕಿ.ಮೀ. ಚೌಕದ ಭಾರತ್ ಮುನ್ಸೂಚನಾ ವ್ಯವಸ್ಥೆಗೂ ಪುಣೆಯ 'ಅರ್ಕ' ಎಂಬ ಸೂಪರ್‌ಕಂಪ್ಯೂಟರೇ ಬೇಕಾಯಿತು.

ನಮ್ಮ ಹುಡುಗಿಗೆ ಅಷ್ಟು ದೂರ ಹೋಗುವ ಕೆಲಸವಿಲ್ಲ. ಕೇಂದ್ರ ಸರ್ಕಾರ 2015ರಲ್ಲಿ 4,500 ಕೋಟಿ ರೂಪಾಯಿಯ ರಾಷ್ಟ್ರೀಯ ಸೂಪರ್‌ಕಂಪ್ಯೂಟಿಂಗ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. ಅದನ್ನು ನಡೆಸುವ ಹೊಣೆ ಸರ್ಕಾರಿ ಕಂಪ್ಯೂಟರ್ ಸಂಶೋಧನಾ ಸಂಸ್ಥೆಯಾದ ಸಿ-ಡ್ಯಾಕ್ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅದರಡಿ ಬಂದ ಯಂತ್ರಗಳಲ್ಲಿ ಮೂರು ಬೆಂಗಳೂರಿನಲ್ಲೇ ಇವೆ: ವಿಜ್ಞಾನ ಸಂಸ್ಥೆಯಲ್ಲಿ ಪರಮ್ ಪ್ರವೇಗ, ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಪರಮ್ ಯುಕ್ತಿ, ಸಿ-ಡ್ಯಾಕ್‌ನಲ್ಲಿ ಪರಮ್ ಉತ್ಕರ್ಷ್. 2022ರಲ್ಲಿ ಚಾಲೂ ಆದ ಪ್ರವೇಗದ ಗರಿಷ್ಠ ವೇಗ 3.3 ಪೆಟಾಫ್ಲಾಪ್, ಅಂದರೆ ಸೆಕೆಂಡಿಗೆ ಮೂರು ಸಾವಿರ ಲಕ್ಷ ಕೋಟಿಗೂ ಹೆಚ್ಚು ಲೆಕ್ಕ. ಇಂಥ ಯಂತ್ರಗಳ ಸಮಯ ಅವನ್ನು ಇಟ್ಟುಕೊಂಡ ಸಂಸ್ಥೆಯೊಂದಕ್ಕೇ ಮೀಸಲಲ್ಲ, ಹೊರಗಿನ ಸಂಶೋಧಕರಿಗೂ ಪಾಲುಂಟು.

1980ರ ದಶಕದಲ್ಲಿ ಇದೇ ಊರಿನ ಕಥೆ ಬೇರೆಯಿತ್ತು. ಅಮೆರಿಕದ ಕ್ರೇ ಕಂಪನಿಯ ಸೂಪರ್‌ಕಂಪ್ಯೂಟರ್ ಕೊಳ್ಳಲು ಅಮೆರಿಕದ ಅನುಮತಿಗೆ ಕಾದು ಕೂರಬೇಕಿತ್ತು. ಕೊನೆಗೊಂದು ಬಂದದ್ದೂ ದೆಹಲಿಗೆ, ಹವಾಮಾನದ ಕೆಲಸಕ್ಕೆ. ಅಷ್ಟರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದವರು 1986ರಲ್ಲಿ ಫ್ಲೋಸಾಲ್ವರ್ ಎಂಬ ಸಮಾಂತರ ಕಂಪ್ಯೂಟರನ್ನು ತಾವೇ ಕಟ್ಟಿದ್ದರು. 1988ರಲ್ಲಿ ಹುಟ್ಟಿದ ಸಿ-ಡ್ಯಾಕ್, ವಿಜಯ ಭಟ್ಕರ್ ಅವರ ಮುಂದಾಳ್ತನದಲ್ಲಿ 1991ಕ್ಕೆ ಪರಮ್ 8000 ಹೊರತಂದಿತು. ಕ್ರೇ ಕಂಪನಿಯದೇ ಸಹಸ್ರಟಿ ಯಂತ್ರ 2015ರಲ್ಲಿ ವಿಜ್ಞಾನ ಸಂಸ್ಥೆಗೆ ಬಂದಾಗ ಹಳಬರು ಒಳಗೊಳಗೇ ನಕ್ಕಿರಬೇಕು.

ಅರ್ಜಿಯ ವಿಷಯಕ್ಕೆ ಬರೋಣ. ಸಾಮಾನ್ಯವಾಗಿ ವಿದ್ಯಾರ್ಥಿ ನೇರವಾಗಿ ಅರ್ಜಿ ಹಾಕುವಂತಿಲ್ಲ. ಯೋಜನೆಯ ಹೊಣೆ ಹೊತ್ತ ಅಧ್ಯಾಪಕರ ಹೆಸರಿನಲ್ಲಿ ಹೋಗಬೇಕು. ಏನು ಸಂಶೋಧನೆ, ಯಾವ ತಂತ್ರಾಂಶ, ಎಷ್ಟು ಸಂಗ್ರಹ, ಎಷ್ಟು ಕೋರ್-ಗಂಟೆ ಎಂದು ಅದರಲ್ಲಿ ಬರೆಯಬೇಕು. ಕೋರ್ ಎಂದರೆ ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದು ಘಟಕ; ಅದು ಒಂದು ಗಂಟೆ ದುಡಿದರೆ ಒಂದು ಕೋರ್-ಗಂಟೆ. ಯಂತ್ರದೊಳಗಿನ ಬಿಡಿ ಕಂಪ್ಯೂಟರಿಗೆ ನೋಡ್ ಎನ್ನುತ್ತಾರೆ; ಪ್ರವೇಗದ ಸಿಪಿಯು ನೋಡ್ ಒಂದರಲ್ಲಿ 48 ಕೋರ್‌ಗಳಿವೆ. 10 ನೋಡ್‌ಗಳನ್ನು ಮೂರು ದಿನ ಓಡಿಸಿದರೆ 480 ಗುಣಿಸು 72, ಅಂದರೆ 34,560 ಕೋರ್-ಗಂಟೆ ಖರ್ಚು.

ಪರಿಶೀಲಿಸುವವರ ಕಣ್ಣು ಮೊದಲು ಬೀಳುವುದು ಈ ಅಂಕಿಯ ಮೇಲೆ. 10 ನೋಡ್ ಯಾಕೆ? ಒಂದರಲ್ಲಿ ಆಗದೇ? 1967ರಲ್ಲಿ ಜೀನ್ ಆಮ್ಡಾಲ್ ಮುಂದಿಟ್ಟ ವಾದ ಇಲ್ಲಿ ಕೆಲಸಕ್ಕೆ ಬರುತ್ತದೆ. ಪ್ರೋಗ್ರಾಮಿನ ನೂರರಲ್ಲಿ 5 ಪಾಲು ಹಂಚಲಾಗದ, ಒಂದರ ಹಿಂದೊಂದು ನಡೆಯಲೇಬೇಕಾದ ಕೆಲಸವಾಗಿದ್ದರೆ, 48 ಕೋರ್‌ಗಳಲ್ಲಿ ಅದು ಸುಮಾರು 14 ಪಟ್ಟು ಬೇಗ ಮುಗಿಯುತ್ತದೆ. 480 ಕೋರ್ ಕೊಟ್ಟರೂ 19 ಪಟ್ಟನ್ನು ದಾಟಿ ಹೆಚ್ಚೇನೂ ಹೋಗುವುದಿಲ್ಲ. ಉಳಿದ ಯಂತ್ರಶಕ್ತಿ ಸುಮ್ಮನೆ ಬಿಸಿಯಾಗುತ್ತದೆ ಅಷ್ಟೆ. ಹಾಗಾಗಿ ಮೊದಲೇ ಸಣ್ಣ ಪ್ರಮಾಣದಲ್ಲಿ ಓಡಿಸಿ, ಕೋರ್ ಹೆಚ್ಚಿಸಿದಂತೆ ಎಷ್ಟು ಹೊತ್ತು ಉಳಿಯಿತು ಎಂದು ಅಳೆದು ಪಟ್ಟಿ ಲಗತ್ತಿಸಿದ ಅರ್ಜಿಗೆ ತೂಕ ಬರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ವಿಷಯದ ಮಹತ್ವ ಕುರಿತ ಎರಡು ಪುಟಗಳ ವರ್ಣನೆಗಿಂತ ಆ ಅರ್ಧ ಪುಟದ ಪಟ್ಟಿಯೇ ಮೇಲು.

ಖಾತೆ ಸಿಕ್ಕಮೇಲೆ ಯಂತ್ರದ ಮುಂದೆ ಹೋಗಿ ಕೂರುವುದೇನಿಲ್ಲ. ಎಸ್‌ಎಸ್‌ಎಚ್ ಎಂಬ ಸುರಕ್ಷಿತ ಸಂಪರ್ಕದ ಮೂಲಕ ಎಲ್ಲಿಂದಲೋ ಒಳಹೊಕ್ಕರೆ ಮೊದಲು ಎದುರಾಗುವುದು ಲಾಗಿನ್ ನೋಡ್. ಅಲ್ಲಿ ಫೈಲು ತಿದ್ದಬಹುದು, ಪ್ರೋಗ್ರಾಮು ಕಂಪೈಲ್ ಮಾಡಬಹುದು. ದೊಡ್ಡ ಲೆಕ್ಕ ಓಡಿಸಿದರೆ ಬೈಗುಳ ಗ್ಯಾರಂಟಿ. ಎಷ್ಟು ನೋಡ್, ಎಷ್ಟು ಗಂಟೆ, ಯಾವ ಪ್ರೋಗ್ರಾಮು ಎಂದು ನಾಲ್ಕಾರು ಸಾಲು ಬರೆದು 'ಎಸ್‌ಬ್ಯಾಚ್' ಆಜ್ಞೆಯಿಂದ ಸ್ಲರ್ಮ್ ಎಂಬ ತಂತ್ರಾಂಶಕ್ಕೆ ಒಪ್ಪಿಸಬೇಕು. ಅದು ಸರದಿಯ ಯಜಮಾನ. 'ಎಸ್‌ಕ್ಯೂ' ಎಂದು ಕೇಳಿದರೆ ನಿಮ್ಮ ಕೆಲಸದ ಮುಂದೆ 'ಪಿಡಿ' ಎಂದಿರುತ್ತದೆ: ಇನ್ನೂ ಕಾಯುತ್ತಿದೆ. ಪಕ್ಕದಲ್ಲಿ ಕಾರಣವೂ ಇರುತ್ತದೆ. 'ರಿಸೋರ್ಸಸ್' ಎಂದರೆ ನೋಡ್ ಖಾಲಿಯಿಲ್ಲ, 'ಪ್ರಯಾರಿಟಿ' ಎಂದರೆ ನಿಮಗಿಂತ ಮುಂದೆ ಬೇರೆಯವರಿದ್ದಾರೆ. ಇತ್ತೀಚೆಗೆ ಹೆಚ್ಚು ಬಳಸಿದವರನ್ನು ಹಿಂದೆ ತಳ್ಳುವ ಏರ್ಪಾಡೂ ಇಂಥ ಕಡೆ ಸಾಮಾನ್ಯ.

ಸರದಿಯಲ್ಲೊಂದು ಸಂದು ಉಂಟು. ಆರು ಸೀಟು ಒಟ್ಟಿಗೇ ಬೇಕೆನ್ನುವ ಸಂಸಾರ ಕನಕಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿರುವಾಗ ಒಂಟಿ ಪ್ರಯಾಣಿಕ ಖಾಲಿ ಸೀಟು ಹಿಡಿದು ಹೊರಡುವಂತೆ, ದೊಡ್ಡ ಕೆಲಸಕ್ಕೆ ನೋಡ್‌ಗಳು ಕೂಡಿಬರುವ ತನಕ ಸಣ್ಣ ಕೆಲಸಗಳನ್ನು ಸ್ಲರ್ಮ್ ನಡುವೆ ತೂರಿಸುತ್ತದೆ. ಅದಕ್ಕೇ ಬೇಕಾದ ಗಂಟೆಯನ್ನು ಸರಿಯಾಗಿ ಅಂದಾಜಿಸಬೇಕು. ಹೆಚ್ಚು ಬರೆದರೆ ಸಂದಿನಲ್ಲಿ ನುಸುಳಲಾಗದು. ಕಡಿಮೆ ಬರೆದರೆ ಗಡುವು ಮುಗಿದೊಡನೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಬಲ್ಲವರು ಆಗಾಗ ಮಧ್ಯದ ಫಲಿತಾಂಶ ಉಳಿಸಿಕೊಳ್ಳುತ್ತಾ ಹೋಗುತ್ತಾರೆ. ಅದನ್ನೂ ತಾತ್ಕಾಲಿಕ ಸಂಗ್ರಹದಲ್ಲೇ ಬಿಟ್ಟರೆ ನಿಗದಿತ ದಿನಗಳ ಬಳಿಕ ಅಳಿಸಿಹೋಗುತ್ತದೆ. ಪ್ರಬಂಧ ಅಚ್ಚಾದಾಗ ಯಂತ್ರದ ಹೆಸರನ್ನೂ ಮಿಷನ್ನಿನ ಹೆಸರನ್ನೂ ನೆನೆಯುವುದು ಕಡ್ಡಾಯ.

ಇಷ್ಟರಲ್ಲಿ ಹಣಕ್ಕಿಂತ ಹೆಚ್ಚಾಗಿ ಅಡ್ಡ ಬರುವುದು ತಿಳಿವಳಿಕೆಯ ಕೊರತೆ. ಇಂಥ ಬಾಗಿಲೊಂದಿದೆ ಎಂಬುದೇ ಅನೇಕ ಕಾಲೇಜುಗಳಿಗೆ ಮುಟ್ಟಿಲ್ಲ. ಸಂಶೋಧನೆಗೆ ಮನಸ್ಸು ಮಾಡಿರುವ ವಿದ್ಯಾರ್ಥಿಗಳು ಲಿನಕ್ಸ್ ಆಜ್ಞೆಗಳನ್ನು ಈಗಲೇ ಕಲಿಯಲಿ. ಮನೆಯ ಲ್ಯಾಪ್‌ಟಾಪ್ ಸಾಕು. ಪ್ರೋಗ್ರಾಮನ್ನು ಒಂದು, ಎರಡು, ನಾಲ್ಕು ಕೋರ್‌ಗಳಲ್ಲಿ ಓಡಿಸಿ ಹೊತ್ತು ಬರೆದಿಡಲಿ. ಆ ಹಾಳೆ ಹಿಡಿದು ಮಾರ್ಗದರ್ಶಕರ ಬಳಿ ಅರ್ಜಿಯ ಮಾತೆತ್ತಲಿ.