ಬೆಂಗಳೂರಿನ ಉಪಾಹಾರ ಗೃಹಗಳು

ಕುಬಟೂರಿನಿಂದ ಕಚೇರಿಯ ಕೆಲಸಕ್ಕಾಗಿ ಬೆಂಗಳೂರಿಗೆ ಹೊರಟ ಗೃಹಸ್ಥರು, ಅಲ್ಲಿ ತಿಂಡಿಗೆ ಉತ್ತಮ ಸ್ಥಳ ಯಾವುದೆಂದು ಕೇಳುವುದುಂಟು. ಗಾಂಧಿಬಜಾರಿನ ವಿದ್ಯಾರ್ಥಿಭವನದ ದೋಸೆಯನ್ನು ನಾವು ಮೆಚ್ಚುತ್ತೇವೆ. ಮಲ್ಲೇಶ್ವರದ ಸೆಂಟ್ರಲ್ ಟಿಫಿನ್ ರೂಮಿನ ಬೆಣ್ಣೆದೋಸೆಯೂ ಕೀಳಲ್ಲ. ಆದರೆ ಅಗ್ರತಾಂಬೂಲವು 1924ರಲ್ಲಿ ಮಯ್ಯ ಸಹೋದರರು ಸ್ಥಾಪಿಸಿದ ಮಾವಳ್ಳಿ ಟಿಫಿನ್ ರೂಮ್ಸಿಗೆ ಸಲ್ಲತಕ್ಕದ್ದು. ಎರಡನೆಯ ಮಹಾಯುದ್ಧದಲ್ಲಿ ಅಕ್ಕಿ ದುರ್ಲಭವಾದಾಗ ಅಲ್ಲಿ ರವೆಯಿಂದ ಇಡ್ಲಿ ಮಾಡಿದರು. ಅಭಾವಕಾಲದ ಆ ತಿಂಡಿಗಾಗಿ ಜನರು ಸುಭಿಕ್ಷದಲ್ಲಿಯೂ ಸಾಲು ನಿಲ್ಲುತ್ತಾರೆ!

ತುರ್ತು ಪರಿಸ್ಥಿತಿಯಲ್ಲಿ (1975-77) ಸರ್ಕಾರವು ತಿಂಡಿಗಳ ದರವನ್ನು ಅತಿಯಾಗಿ ತಗ್ಗಿಸಿತು. ತುಪ್ಪದ ಬೆಲೆಯನ್ನು ವಿಚಾರಿಸಿದಂತೆ ಕಾಣಲಿಲ್ಲ. ಗುಣವನ್ನು ಇಳಿಸಲೊಪ್ಪದ ಮಾಲೀಕರು ಬಾಗಿಲನ್ನೇ ಮುಚ್ಚಿ, ಹಿಟ್ಟಿನ ಪೊಟ್ಟಣಗಳ ವ್ಯಾಪಾರಕ್ಕಿಳಿದರು. ಹೋಟೆಲು ಮುಂದೆ ಪುನಃ ತೆರೆಯಿತು. ಆ ಪೊಟ್ಟಣಗಳ ಉದ್ಯಮವು 2007ರಲ್ಲಿ ನಾರ್ವೆ ದೇಶದ ಕಂಪೆನಿಯೊಂದರ ಪಾಲಾಯಿತು. ಲಾಲ್‌ಬಾಗ್ ರಸ್ತೆಯ ಒಲೆ ಮಾತ್ರ ಮಯ್ಯರ ಮನೆತನದಲ್ಲಿಯೇ ಉಳಿದಿದೆ.