ಅಜ್ಜನ ಆಸ್ತಿಯಲ್ಲಿ ನಮ್ಮಿಬ್ಬರ ಪಾಲು

ಅಪ್ಪ ಕಡ್ಡಿಯಂತಿದ್ದರು. ಆದರೂ 41ಕ್ಕೇ ಹೃದಯಾಘಾತದಿಂದ ಹೋದರು. ‘ಎಣ್ಣೆ ತಿಂಡಿ ಬಿಡಬೇಕಿತ್ತು’ ಎಂದು ಊರೆಲ್ಲ ಅಪ್ಪನ ನಾಲಿಗೆಯನ್ನೇ ದೂರಿತು.

ಕೆಲಸಕ್ಕೆ ಸೇರುವಾಗ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ನನ್ನ ಎಲ್‌ಡಿಎಲ್ 238 ಬಂತು. ನನಗಿನ್ನೂ 23. ಡಾಕ್ಟರ್ ಊಟದ ಬಗ್ಗೆ ಕೇಳಲಿಲ್ಲ, ಅಜ್ಜನ ಬಗ್ಗೆ ಕೇಳಿದರು. ಅಜ್ಜನೂ ಎದೆನೋವಿನಿಂದಲೇ ತೀರಿಕೊಂಡವರು. ಕೆಟ್ಟ ಕೊಲೆಸ್ಟ್ರಾಲನ್ನು ರಕ್ತದಿಂದ ತೆಗೆಯುವುದು ಲಿವರ್. ಅದಕ್ಕೆ ಬೇಕಾದ ಜೀನ್‌ನಲ್ಲೇ ನಮ್ಮ ವಂಶದಲ್ಲಿ ದೋಷವಿದೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ.

ಆಗ ನೆನಪಾದವನು ಅತ್ತೆಯ ಮಗ. ಹುಟ್ಟಿದಾಗಲೇ ನಾನು ಅವನಿಗೆ ಎಂದು ಮಾತಾಗಿತ್ತು. ಕಾಡಿ ಬೇಡಿ ಪರೀಕ್ಷೆ ಮಾಡಿಸಿದೆ: 251. ಜೀನ್ ಪರೀಕ್ಷೆಯಲ್ಲಿ ಇಬ್ಬರಿಗೂ ಅದೇ ದೋಷ. ನಾವು ಮದುವೆಯಾದರೆ, ಪ್ರತಿ ಮಗುವಿಗೂ ಎರಡೂ ಕಡೆಯಿಂದ ಅದು ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಂಥ ಮಗುವಿನ ಎಲ್‌ಡಿಎಲ್ 500 ದಾಟಬಹುದು, ಶಾಲೆಗೆ ಹೋಗುವ ವಯಸ್ಸಿಗೇ ಹೃದಯಾಘಾತ ಆಗಬಹುದು. ನಮ್ಮಂಥವರಿಗೆ ಆಗುವಷ್ಟು ಉಪಯೋಗ ಸ್ಟ್ಯಾಟಿನ್ ಮಾತ್ರೆಯಿಂದ ಆ ಮಗುವಿಗೆ ಆಗುವುದಿಲ್ಲ.

ನಾನೇ ಬೇಡ ಎಂದೆ. ‘ರಕ್ತಸಂಬಂಧ ಮುರೀತೀಯೇನೇ?’ ಎಂದರು ಅಜ್ಜಿ. (ಇರೋದೇ ರಕ್ತದಲ್ಲಲ್ವಾ ಅಜ್ಜಿ ಎನ್ನಲು ಧೈರ್ಯ ಬರಲಿಲ್ಲ.) ಭಾವ ಈಗಲೂ ರಾತ್ರಿ ಒಂಬತ್ತಕ್ಕೆ ಮೆಸೇಜ್ ಹಾಕುತ್ತಾನೆ: ‘ಮಾತ್ರೆ ತಗೊಂಡ್ಯಾ?’ ಅತ್ತೆ ಮಾತು ಬಿಟ್ಟಿದ್ದಾರೆ. ಅವರ ರಕ್ತ ಪರೀಕ್ಷೆ ಇನ್ನೂ ಆಗಿಲ್ಲ.